ಚೀನಾದ ಯುವಜನರು ಖರ್ಚು ಕಡಿಮೆ ಮಾಡಿದ್ದಾರೆ. ಕೊಳ್ಳುವುದನ್ನೂ ಕಡಿಮೆ ಮಾಡಿದ್ದಾರೆಯೇ?

ಕೆಂಗೇರಿ ಓದುಗ

ಈ ವೇದಿಕೆಯಲ್ಲಿ ಚೀನಾ ಕುರಿತ ಚರ್ಚೆಗಳು ಹೆಚ್ಚಾಗಿ ಗಡಿ, ಸೇನೆ, ಆಮದು ಸುಂಕಗಳಲ್ಲೇ ಮುಗಿದುಹೋಗುತ್ತವೆ. ಅಲ್ಲಿನ ಇಪ್ಪತ್ತರಿಂದ ಮೂವತ್ತರೊಳಗಿನವರು ಏನು ಉಡುತ್ತಾರೆ, ಏನು ಕೊಳ್ಳುತ್ತಾರೆ, ಯಾವುದನ್ನು ಕೊಳ್ಳದೆ ಬಿಡುತ್ತಾರೆ ಎಂಬುದನ್ನು ಬಲ್ಲವರು ನಮ್ಮಲ್ಲಿ ಕೆಲವರಾದರೂ ಇದ್ದಾರೆ; ಅವರಿಂದ ತಿಳಿಯಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

2023ರ ಚಳಿಗಾಲದಲ್ಲಿ ಚೀನಾದ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಹತ್ತಿ ತುಂಬಿದ ಹಸಿರು ಸೇನಾ ಕೋಟುಗಳನ್ನು ತೊಟ್ಟು ತರಗತಿಗೆ ಬರತೊಡಗಿದರು. ಅವರ ಅಜ್ಜಂದಿರ ಕಾಲದ ಉಡುಪು ಅದು. ನಂತರದ ದಶಕಗಳಲ್ಲಿ ರಾತ್ರಿ ಕಾವಲುಗಾರರಿಗೂ ಕಟ್ಟಡ ಕಾರ್ಮಿಕರಿಗೂ ಮೀಸಲಾಗಿ ಉಳಿದಿತ್ತು. ಹೆಸರಾಂತ ಕಂಪನಿಗಳ ಪುಕ್ಕ ತುಂಬಿದ ಜಾಕೆಟ್‌ಗಳ ಬೆಲೆ ಹಲವು ಸಾವಿರ ಯುವಾನ್‌ಗಳಿಗೆ ಏರಿದ್ದಾಗ ಈ ಕೋಟು ನೂರು ಯುವಾನಿನ ಆಸುಪಾಸಿನಲ್ಲಿ ಸಿಗುತ್ತಿತ್ತು. ಈಶಾನ್ಯ ಚೀನಾದ ಹಳ್ಳಿಗಳ ದೊಡ್ಡ ಹೂವಿನ ಹತ್ತಿ ಅಂಗಿಯೂ ಅದರ ಬೆನ್ನಿಗೇ ಬಂತು. ಮರುವರ್ಷ ಮಾರ್ಚಿನಲ್ಲಿ, ಪೈಜಾಮ ಮತ್ತು ಮನೆಯ ಚಪ್ಪಲಿಯಲ್ಲೇ ಕಚೇರಿಗೆ ಹೋಗಿ, ಈ ಸಂಬಳಕ್ಕೆ ಇದಕ್ಕಿಂತ ಚೆನ್ನಾಗಿ ಉಡುವ ಅಗತ್ಯವಿಲ್ಲವೆಂದು ಆ ಚಿತ್ರಗಳನ್ನು ಹಂಚಿಕೊಳ್ಳುವುದು ಒಂದು ಅಲೆಯಾಯಿತು.

ಇದರ ಹಿಂದಿರುವ ಆರ್ಥಿಕ ಸ್ಥಿತಿ ಎಲ್ಲರಿಗೂ ತಿಳಿದದ್ದೇ. 2023ರ ಜೂನ್‌ನಲ್ಲಿ 16ರಿಂದ 24 ವಯಸ್ಸಿನ ನಗರವಾಸಿಗಳ ನಿರುದ್ಯೋಗ ಪ್ರಮಾಣ ಶೇ 21.3ಕ್ಕೆ ಏರಿತು, ಆಗಸ್ಟ್‌ನಲ್ಲಿ ಸರ್ಕಾರವು ಆ ಅಂಕಿಯನ್ನು ಪ್ರಕಟಿಸುವುದನ್ನೇ ನಿಲ್ಲಿಸಿತು, 2024ರ ಜನವರಿಯಲ್ಲಿ, ಓದುತ್ತಿರುವವರನ್ನು ಲೆಕ್ಕದಿಂದ ಬಿಟ್ಟು, ಡಿಸೆಂಬರಿನ ಪ್ರಮಾಣ ಶೇ 14.9 ಎಂದು ಹೊಸದಾಗಿ ಪ್ರಕಟಿಸಿತು.

ನನ್ನ ಪ್ರಶ್ನೆ ಇಷ್ಟೇ. ಇಂಗ್ಲಿಷ್ ಪತ್ರಿಕೆಗಳು ಈ ಮಿತವ್ಯಯವನ್ನು ಪರಿಸರಸ್ನೇಹಿ ಜೀವನಕ್ರಮವೆಂದು ಹೊಗಳುತ್ತಿವೆ. ಅದು ನಿಜವೇ? ಕೈಯಲ್ಲಿ ಹಣವಿಲ್ಲದ ಕಾರಣಕ್ಕೆ ಹಳೆಯ ಕೋಟು ತೊಡುವವರು ಹಣ ಬಂದ ದಿನ ಅದನ್ನು ಬಿಸಾಡುವುದಿಲ್ಲವೇ?

ಗುವಾಂಗ್‌ಝೌ ವಾಸಿ

ನಾನು ಸಿದ್ಧ ಉಡುಪುಗಳ ಖರೀದಿ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತ ಕೆಲವು ವರ್ಷಗಳಿಂದ ಈ ನಗರದಲ್ಲಿದ್ದೇನೆ. ಕೊಳ್ಳುವವರ ಮನಸ್ಸಿನ ಬಗ್ಗೆ ಬೇರೆಯವರು ಬರೆಯಲಿ. ಹೊಲಿಯುವ ಕಡೆ ಏನು ನಡೆಯುತ್ತಿದೆ ಎಂಬುದನ್ನು ನಾನು ಹೇಳುತ್ತೇನೆ, ಏಕೆಂದರೆ ಕೆಂಗೇರಿಯವರ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ ಎಂಬುದು ನನ್ನ ಅನಿಸಿಕೆ.

ಹೈಝು ಜಿಲ್ಲೆಯಲ್ಲಿ ಝೊಂಗ್‌ದಾ ಎಂಬ ಬೃಹತ್ ಬಟ್ಟೆ ಮಾರುಕಟ್ಟೆಯಿದೆ. ಅದಕ್ಕೆ ಅಂಟಿಕೊಂಡಂತೆ ಕಾಂಗ್‌ಲೆ ಮತ್ತು ಲುಜಿಯಾಂಗ್ ಎಂಬ, ನಗರವು ನುಂಗಿಕೊಂಡ ಎರಡು ಹಳ್ಳಿಗಳಿವೆ. ಒಂದರ ಗೋಡೆಗೆ ಇನ್ನೊಂದು ತಾಗುವಂತಿರುವ ಕಟ್ಟಡಗಳ ಮಹಡಿ ಮಹಡಿಯಲ್ಲೂ ಹೊಲಿಗೆ ಘಟಕಗಳು. ಕಾರ್ಮಿಕರೂ ಮಾಲೀಕರೂ ಬಹುಪಾಲು ಹುಬೈ ಪ್ರಾಂತ್ಯದವರು. ಬೆಳಿಗ್ಗೆ ಅಲ್ಲಿನ ಬೀದಿಗೆ ಹೋದರೆ ಸಣ್ಣ ಘಟಕಗಳ ಮಾಲೀಕರು ಮಾದರಿ ಉಡುಪನ್ನು ಕೈಯಲ್ಲಿ ಹಿಡಿದು ಸಾಲಾಗಿ ನಿಂತಿರುತ್ತಾರೆ. ಟೈಲರುಗಳು ಬಂದು, ಹೊಲಿಗೆಯನ್ನು ತಿರುಗಿಸಿ ನೋಡಿ, ಪೀಸ್ ಲೆಕ್ಕದ ಕೂಲಿ ಕೇಳಿ, ಒಪ್ಪಿಗೆಯಾದರೆ ಆ ದಿನಕ್ಕೆ ಅವರೊಡನೆ ಹೋಗುತ್ತಾರೆ. ಸಾಮಾನ್ಯ ಕೂಲಿ ಬಜಾರಿನಲ್ಲಿ ಕೆಲಸ ಕೇಳುವವರು ನಿಲ್ಲುತ್ತಾರೆ. ಇಲ್ಲಿ ಕೆಲಸ ಕೊಡುವವರು ನಿಲ್ಲುತ್ತಾರೆ.

ಹೀಗೆ ದಿನಗೂಲಿಯ ಮೇಲೆ ನಡೆಯುವುದಕ್ಕೆ ಕಾರಣವಿದೆ. ಒಂದು ವಿನ್ಯಾಸಕ್ಕೆ ನೂರಿನ್ನೂರು ಪೀಸುಗಳನ್ನಷ್ಟೇ ಹೊಲಿಸುವುದು, ಮಾರಾಟ ನೋಡಿಕೊಂಡು ಕೆಲವೇ ದಿನಗಳಲ್ಲಿ ಮತ್ತೆ ಹೊಲಿಸುವುದು ಈಗಿನ ಪದ್ಧತಿ. ಪಕ್ಕದ ಪಾನ್‌ಯು ಜಿಲ್ಲೆಯ ಘಟಕಗಳಿಂದ ಮಾಲು ಪಡೆಯುವ ಶೀಇನ್ ಕಂಪನಿ ಇದನ್ನೇ ಜಗತ್ತಿನಾದ್ಯಂತ ಬೆಳೆಸಿತು. ಆದರೆ ಶೀಇನ್ ಚೀನಾದ ಒಳಗೆ ಗ್ರಾಹಕರಿಗೆ ಮಾರುವುದಿಲ್ಲ; ಇಲ್ಲಿನ ಹುಡುಗಿಯರು ಅದೇ ಬಗೆಯ ಉಡುಪನ್ನು ತಾವೊಬಾವೊ, ಡೌಯಿನ್, ಪಿನ್‌ಡುವೊಡುವೊ ಎಂಬ ಆನ್‌ಲೈನ್ ಮಾರಾಟ ತಾಣಗಳಲ್ಲಿ ಕೊಳ್ಳುತ್ತಾರೆ. ಸಿದ್ಧಾಂತದಲ್ಲಿ ಈ ಪದ್ಧತಿಯಿಂದ ಗೋದಾಮಿನಲ್ಲಿ ಉಳಿಯುವ ಮಾಲು ಕಡಿಮೆಯಾಗಬೇಕು, ಆಗುತ್ತದೆ ಕೂಡ. ಆದರೆ ಹೊಸ ವಿನ್ಯಾಸವೊಂದನ್ನು ಮಾರುಕಟ್ಟೆಗೆ ಬಿಡುವ ಅಪಾಯ ತೀರಾ ಕಡಿಮೆಯಾದುದರಿಂದ ವಿನ್ಯಾಸಗಳ ಸಂಖ್ಯೆಗೆ ಮಿತಿಯೇ ಇಲ್ಲವಾಗಿದೆ.

ಇನ್ನು ವಾಪಸಾತಿಯ ವಿಷಯ. ಅಂತರ್ಜಾಲದಲ್ಲಿ ಕೊಂಡದ್ದನ್ನು ಕಾರಣ ಕೊಡದೆ ಏಳು ದಿನಗಳೊಳಗೆ ಹಿಂತಿರುಗಿಸುವ ಹಕ್ಕು 2014ರ ಮಾರ್ಚ್ 15ರಿಂದ ಕಾನೂನಿನಲ್ಲಿದೆ. ವಾಪಸು ಕಳುಹಿಸುವ ಸಾಗಣೆ ವೆಚ್ಚಕ್ಕೂ ಚಿಲ್ಲರೆ ಹಣದ ವಿಮೆ ಸಿಗುತ್ತದೆ. ಅಂತರ್ಜಾಲದ ನೇರಪ್ರಸಾರದಲ್ಲಿ ತೋರಿಸಿ ಮಾರುವ ಹೆಂಗಸರ ಉಡುಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿಂದಿರುಗುವುದು ಈಗ ಅಪರೂಪವಲ್ಲ. ಪ್ರವಾಸಕ್ಕೆಂದು ತರಿಸಿ, ತೊಟ್ಟು, ಫೋಟೊ ತೆಗೆಸಿಕೊಂಡು ಕಳುಹಿಸುವವರ ಕಾಟ ತಾಳಲಾರದೆ ಮಾರಾಟಗಾರರು ಎ4 ಹಾಳೆಯಷ್ಟು ದೊಡ್ಡ ಚೀಟಿಯನ್ನು ಉಡುಪಿನ ಎದೆಗೇ ತೂಗುಹಾಕತೊಡಗಿದ್ದಾರೆ. ಕೆಲವರು ಸಂಖ್ಯೆಯ ಬೀಗವನ್ನೂ ಹಾಕುತ್ತಾರೆ. ಮಾರಾಟಗಾರರ ಉತ್ತರ ಇಷ್ಟಕ್ಕೇ ನಿಲ್ಲುವುದಿಲ್ಲ: ಹಣ ಮೊದಲು ಪಡೆದು, ವಾಪಸು ಬಂದ ಮಾಲನ್ನೇ ಮುಂದಿನವರಿಗೆ ದಾಟಿಸುತ್ತ, ತಿಂಗಳುಗಟ್ಟಲೆ ಕಾಯಿಸುವುದೂ ನಡೆಯುತ್ತದೆ. ಹಣ ಖರ್ಚಾಗದೆ ಉಡುಪು ಮಾತ್ರ ಎರಡು ಸಾರಿ ದೇಶ ಸುತ್ತುವ ಈ ವ್ಯವಹಾರವನ್ನು ಮಿತವ್ಯಯದ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ, ನೀವೇ ಹೇಳಿ.

ರೇಷ್ಮೆಗೂಡು

ಶಿಡ್ಲಘಟ್ಟದಲ್ಲಿ ನಮ್ಮದು ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಮನೆತನ. ಚೀನಾದ ಕಚ್ಚಾ ರೇಷ್ಮೆ ಅಗ್ಗಕ್ಕೆ ಬಂದು ಇಳಿದಾಗಲೆಲ್ಲ ಇಲ್ಲಿಯೂ ರಾಮನಗರದಲ್ಲಿಯೂ ಗೂಡಿನ ದರ ಅಲುಗಾಡುವುದನ್ನು ನೋಡುತ್ತಲೇ ಬೆಳೆದವನು ನಾನು. ಆದ್ದರಿಂದ ನನ್ನ ಪ್ರಶ್ನೆಯಲ್ಲಿ ಸ್ವಾರ್ಥವಿದೆ. ಅಲ್ಲಿನ ಯುವತಿಯರು ಪ್ರಾಚೀನ ಶೈಲಿಯ ಹಾನ್‌ಫು ಉಡುಪಿಗೂ ನೆರಿಗೆಯ ಲಂಗಗಳಿಗೂ ಮರಳಿದ್ದಾರೆಂದು ಚಿತ್ರಗಳಲ್ಲಿ ನೋಡುತ್ತಿದ್ದೇನೆ. ಅಷ್ಟೊಂದು ಹೊಳಪಿನ ಬಟ್ಟೆ ನಿಜವಾಗಿಯೂ ರೇಷ್ಮೆಯೇ? ಹೌದಾದರೆ ಅವರ ರೇಷ್ಮೆ ಅವರಲ್ಲೇ ಖರ್ಚಾಗಿ ನಮಗೆ ಸ್ವಲ್ಪ ಉಸಿರಾಡಲು ಅವಕಾಶವಾಗಬೇಕಲ್ಲ.

ಹಳೇಪೇಟೆ

ರೇಷ್ಮೆಗೂಡು ಅವರಿಗೆ ನಿರಾಸೆಯಾಗುವ ಉತ್ತರ ಕೊಡಬೇಕಾಗಿದೆ: ಬಹುಪಾಲು ಅದು ಪಾಲಿಯೆಸ್ಟರ್.

ಹಾನ್‌ಫು ಚಳವಳಿಯ ಆರಂಭವನ್ನು ಸಾಮಾನ್ಯವಾಗಿ 2003ರ ನವೆಂಬರಿನಿಂದ ಎಣಿಸುತ್ತಾರೆ. ಝೆಂಗ್‌ಝೌ ನಗರದಲ್ಲಿ ವಿದ್ಯುತ್ ಕಾರ್ಮಿಕನೊಬ್ಬ ಆ ಉಡುಪು ತೊಟ್ಟು ಬೀದಿಯಲ್ಲಿ ನಡೆದಾಗ ಕೆಲವರು ಅದನ್ನು ಜಪಾನಿನ ಕಿಮೊನೊ ಎಂದೇ ಭಾವಿಸಿದ್ದರು. ಆಗ ಅದು ಇತಿಹಾಸಾಸಕ್ತರ ಸಣ್ಣ ಗುಂಪಿನ ಹಟವಾಗಿತ್ತು. ಇಂದು ಷಾನ್‌ದಾಂಗ್ ಪ್ರಾಂತ್ಯದ ಸಾವೊ ಕೌಂಟಿಯು ಅದರ ಅತಿ ದೊಡ್ಡ ಹೊಲಿಗೆ ಕೇಂದ್ರಗಳಲ್ಲೊಂದು. ಜಪಾನಿಗೆ ಶವಪೆಟ್ಟಿಗೆಗಳನ್ನು ಮಾಡಿ ಕಳುಹಿಸುವುದು ಆ ಬಡ ಜಿಲ್ಲೆಯ ಹಳೆಯ ಕಸುಬು. ಅದು ಈಗಲೂ ನಡೆಯುತ್ತಿದೆ. ಅಲ್ಲಿನ ದಾಜಿ ಪಟ್ಟಣದ ಸುತ್ತಮುತ್ತ ರಂಗಭೂಮಿ ಮತ್ತು ಶಾಲಾ ಕಾರ್ಯಕ್ರಮಗಳ ವೇಷಭೂಷಣ ಹೊಲಿಯುತ್ತಿದ್ದವರು, ಕೊರೊನಾ ಕಾಲದಲ್ಲಿ ಕಾರ್ಯಕ್ರಮಗಳೆಲ್ಲ ನಿಂತುಹೋದಾಗ ಹಾನ್‌ಫುವಿನ ಕಡೆ ತಿರುಗಿದರು.

2022ರ ಬೇಸಿಗೆಯಲ್ಲಿ ಫ್ರಾನ್ಸಿನ ಡಿಯೋರ್ ಕಂಪನಿಯ 29,000 ಯುವಾನಿನ ಲಂಗವೊಂದು ಮಿಂಗ್ ರಾಜವಂಶದ ಕಾಲದ ಮಾಮಿಯನ್ ಲಂಗವನ್ನು ಹೋಲುತ್ತದೆಂದು ಗದ್ದಲವೆದ್ದು, ಚೀನೀ ವಿದ್ಯಾರ್ಥಿಗಳು ಪ್ಯಾರಿಸಿನಲ್ಲಿ ಆ ಕಂಪನಿಯ ಮಳಿಗೆಯ ಮುಂದೆ ಪ್ರತಿಭಟಿಸಿದರು. ಹಿಂದೆ ಮುಂದೆ ಚಪ್ಪಟೆ ಪಟ್ಟಿ, ಎರಡೂ ಪಕ್ಕಗಳಲ್ಲಿ ನೆರಿಗೆ, ಕೆಳಅಂಚಿನಲ್ಲಿ ಜರಿಯಂಥ ನೇಯ್ಗೆ ಇರುವ ಲಂಗವಿದು. ಅದಾದ ಮೇಲೆ ಈ ಲಂಗದ ಬೇಡಿಕೆ ಏರುತ್ತಲೇ ಹೋಯಿತು; 2024ರ ವಸಂತ ಹಬ್ಬಕ್ಕೆ, ಅಂದರೆ ಚೀನೀ ಹೊಸ ವರ್ಷಕ್ಕೆ, ಹೊಸ ಬಟ್ಟೆಯೆಂದರೆ ಇದೇ ಎಂಬಂತಾಯಿತು. ನೂರು, ಇನ್ನೂರು ಯುವಾನಿಗೆ ಅದನ್ನು ಒದಗಿಸಲು ಸಾಧ್ಯವಾದದ್ದು ಪಾಲಿಯೆಸ್ಟರ್ ನೂಲು ಮತ್ತು ಚಿತ್ತಾರ ನೇಯುವ ಕಂಪ್ಯೂಟರ್ ಚಾಲಿತ ಜಕಾರ್ಡ್ ಮಗ್ಗಗಳಿಂದ. ಮೇಲಾಗಿ ಹಬ್ಬದ ಲಂಗದ ಮೇಲೆ ಚೀನೀ ಪಂಚಾಂಗದಂತೆ ಆ ವರ್ಷಕ್ಕೆ ಹೆಸರು ಕೊಟ್ಟ ಪ್ರಾಣಿಯ ಚಿತ್ರ ನೇಯ್ದರೆ, ಡ್ರ್ಯಾಗನ್ ವರ್ಷದ ಲಂಗವನ್ನು ಸರ್ಪದ ವರ್ಷದಲ್ಲಿ ಉಡಲು ಯಾರಿಗೆ ಮನಸ್ಸು ಬರುತ್ತದೆ? ಆರುನೂರು ವರ್ಷ ಹಳೆಯ ಉಡುಪಿನ ಆಯುಷ್ಯವನ್ನು ಒಂದು ವರ್ಷಕ್ಕೆ ಇಳಿಸಿದ ಜಾಣತನವಿದು.

ಒಂದು ಅಪವಾದವನ್ನು ಮಾತ್ರ ಹೇಳಲೇಬೇಕು. ಹೊಸ ಚೀನೀ ಶೈಲಿಯೆಂದು ಕರೆಯಲಾಗುವ ಅಲೆಯೊಂದಿಗೆ ಗುವಾಂಗ್‌ದಾಂಗಿನ ಶುಂದೆಯ ಕಡೆಯ ಶಿಯಾಂಗ್‌ಯುನ್‌ಶಾ ರೇಷ್ಮೆಗೂ ಮರುಜೀವ ಬಂದಿದೆ. ರೇಷ್ಮೆಯನ್ನು ಒಂದು ಬಗೆಯ ಕಾಡುಗೆಣಸಿನ ರಸದಲ್ಲಿ ಮತ್ತೆ ಮತ್ತೆ ಅದ್ದಿ, ಹುಲ್ಲಿನ ಮೇಲೆ ಹಾಸಿ ಬಿಸಿಲಿನಲ್ಲಿ ಒಣಗಿಸಿ, ಬಳಿಕ ಸೂರ್ಯ ಹುಟ್ಟುವ ಮುನ್ನ ಕಬ್ಬಿಣಾಂಶವಿರುವ ನದಿಯ ಕೆಸರನ್ನು ಒಂದು ಮಗ್ಗುಲಿಗೆ ಬಳಿಯುತ್ತಾರೆ. ಆ ಮಗ್ಗುಲು ಹೊಳೆಯುವ ಕಪ್ಪಾಗುತ್ತದೆ, ಇನ್ನೊಂದು ಕಂದಾಗಿ ಉಳಿಯುತ್ತದೆ. 2008ರಲ್ಲಿ ಅದು ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ತೊಟ್ಟಷ್ಟೂ ಮೃದುವಾಗುವ ಬಟ್ಟೆಯಾದ್ದರಿಂದ ಬೇಗ ಬಿಸಾಡುವ ಪ್ರಶ್ನೆ ಏಳುವುದಿಲ್ಲ. ಆದರೆ ಬಿಸಿಲಿಲ್ಲದ ದಿನ ಕೆಲಸವಿಲ್ಲ; ಬೆಲೆಯೂ ಕೆಲಸಕ್ಕೆ ತಕ್ಕ ಹಾಗೆ. ಕೆಂಗೇರಿಯವರು ಹೇಳಿದ ಸೇನಾ ಕೋಟಿನ ವಿದ್ಯಾರ್ಥಿಗೆ ಅದು ಎಟುಕುವುದಿಲ್ಲ.

ಅರ್ಥಶಾಸ್ತ್ರದ ಮೇಷ್ಟ್ರು

ಖರ್ಚು ಮತ್ತು ಕೊಳ್ಳುವಿಕೆಗಳನ್ನು ಬೇರೆಬೇರೆಯಾಗಿ ಅಳೆಯಬೇಕು ಎಂಬುದು ಈ ಚರ್ಚೆಯ ತಿರುಳು. ಪರಿಸರಕ್ಕೆ ಸಂಬಂಧಿಸಿದ್ದು ಯುವಾನ್ ಅಲ್ಲ, ವಸ್ತುಗಳ ಸಂಖ್ಯೆ ಮತ್ತು ತೂಕ.

ಖರ್ಚಿನ ಬಗ್ಗೆ ಯುವಜನರು ಬಿಗಿಯಾಗಿದ್ದಾರೆ ಎಂಬುದರಲ್ಲಿ ಸಂದೇಹವಿಲ್ಲ. ಡೌಬಾನ್ ಎಂಬ ಜಾಲತಾಣದಲ್ಲಿ ಏನನ್ನೂ ಕೊಳ್ಳದಿರಲು ಪರಸ್ಪರ ಧೈರ್ಯ ಹೇಳಿಕೊಳ್ಳುವ ಗುಂಪುಗಳಿವೆ. ಅವಧಿ ಮುಗಿಯಲು ಬಂದ ತಿಂಡಿಯನ್ನು ಎಲ್ಲಿ ಅಗ್ಗಕ್ಕೆ ಕೊಳ್ಳಬಹುದೆಂದು ತಿಳಿಸುವ ಗುಂಪುಗಳಿವೆ. ಅಂಥ ತಿಂಡಿಯನ್ನೇ ಮಾರುವ ಹಾಟ್‌ಮ್ಯಾಕ್ಸ್‌ನಂಥ ಅಂಗಡಿ ಸರಣಿಗಳೂ 2020ರಿಂದೀಚೆಗೆ ಬೆಳೆದಿವೆ. 2023ರ ಸೆಪ್ಟೆಂಬರಿನಲ್ಲಿ ನೇರಪ್ರಸಾರದ ಪ್ರಖ್ಯಾತ ಮಾರಾಟಗಾರ ಲಿ ಜಿಯಾಚಿ, 79 ಯುವಾನಿನ ಹುಬ್ಬಿನ ಪೆನ್ಸಿಲ್ ದುಬಾರಿಯಾಯಿತೆಂದ ವೀಕ್ಷಕರೊಬ್ಬರಿಗೆ, ಇಷ್ಟು ವರ್ಷಗಳಲ್ಲಿ ಸಂಬಳ ಏರಿದೆಯೇ, ನೀವು ಸರಿಯಾಗಿ ದುಡಿದಿದ್ದೀರಾ ಎಂಬರ್ಥದಲ್ಲಿ ತಿರುಗಿ ಕೇಳಿದರು. ಎದ್ದ ಕೋಪಕ್ಕೆ ಮಣಿದು ಕಣ್ಣೀರಿಟ್ಟು ಕ್ಷಮೆ ಕೇಳಬೇಕಾಯಿತು. ಆನ್‌ಲೈನ್ ಮಾರಾಟದ ಅಲಿಬಾಬಾ ಸಂಸ್ಥೆಯು ನವೆಂಬರ್ 11ರ ಮಾರಾಟ ಹಬ್ಬದ ಒಟ್ಟು ವಹಿವಾಟನ್ನು 2021ರಲ್ಲಿ 54,030 ಕೋಟಿ ಯುವಾನ್ ಎಂದು ಹೆಮ್ಮೆಯಿಂದ ಸಾರಿತ್ತು. 2022ರಿಂದ ಆ ಅಂಕಿಯನ್ನು ಹೇಳುವುದನ್ನೇ ಬಿಟ್ಟಿತು.

ಈಗ ಇನ್ನೊಂದು ಲೆಕ್ಕವನ್ನು ನೋಡಿ. ಚೀನಾದ ಅಂಚೆ ಆಡಳಿತದ ಪ್ರಕಾರ 2020ರಲ್ಲಿ ಆ ದೇಶದಲ್ಲಿ ಬಟವಾಡೆಯಾದ ಪಾರ್ಸೆಲ್‌ಗಳು ಸುಮಾರು 8,336 ಕೋಟಿ. 2023ರಲ್ಲಿ 13,207 ಕೋಟಿ. 2024ರಲ್ಲಿ ಸುಮಾರು 17,450 ಕೋಟಿ. ಯುವಜನರು ಜಿಪುಣರಾದರೆಂದು ನಾವು ಹೇಳುತ್ತಿರುವ ಅದೇ ವರ್ಷಗಳಲ್ಲಿ ಪಾರ್ಸೆಲ್‌ಗಳು ಎರಡು ಪಟ್ಟಿಗೂ ಮೀರಿ ಬೆಳೆದಿವೆ. ಇದರಲ್ಲಿ ವಯಸ್ಸಾದವರದೂ ಹಳ್ಳಿಗಳದೂ ಪಾಲಿದೆ, ಒಪ್ಪುತ್ತೇನೆ. ಆದರೂ ಅಗ್ಗದ, ಸಣ್ಣ, ಪದೇ ಪದೇ ಮಾಡುವ ಖರೀದಿಯ ಕಡೆಗೆ ಇಡೀ ಮಾರುಕಟ್ಟೆ ವಾಲಿದೆ ಎಂಬುದನ್ನು ತಳ್ಳಿಹಾಕಲಾಗದು. ದುಬಾರಿ ಬ್ರ್ಯಾಂಡಿನ ಬದಲು ಅದರಂತೆಯೇ ಕಾಣುವ ಅಗ್ಗದ ಪ್ರತಿಯನ್ನು ಕೊಳ್ಳುವುದೇ ಇವತ್ತಿನ ಜಾಣತನವೆಂದು ಅಲ್ಲಿ ಎಣಿಸಲಾಗುತ್ತದೆ. ಒಂದು ದುಬಾರಿ ಅಂಗಿಯ ಜಾಗದಲ್ಲಿ ಒಂದೇ ಅಗ್ಗದ ಅಂಗಿ ಬಂದಿದ್ದರೆ ನಾನೂ ಇಂಗ್ಲಿಷ್ ಪತ್ರಿಕೆಗಳೊಂದಿಗೆ ಸೇರಿ ಚಪ್ಪಾಳೆ ತಟ್ಟುತ್ತಿದ್ದೆ.

ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಮಾತ್ರ ನಿಜವಾದ ಬದಲಾವಣೆ ಎಂದು ನನಗೆ ತೋರುತ್ತದೆ. ಅಲಿಬಾಬಾ 2014ರಲ್ಲಿ ತೆರೆದ ಶಿಯಾನ್‌ಯು ಆ್ಯಪ್‌ಗೆ ಈಗ 50 ಕೋಟಿಗೂ ಹೆಚ್ಚು ನೋಂದಾಯಿತ ಬಳಕೆದಾರರಿದ್ದಾರೆ. ಹಳೆಯ ಪುಸ್ತಕಗಳಿಂದ ಆರಂಭಿಸಿದ ದ್ವೊಝ್ವಾಯು ಸಂಸ್ಥೆ ಬಟ್ಟೆಗಳನ್ನೂ ಪರೀಕ್ಷಿಸಿ, ಶುಚಿಗೊಳಿಸಿ ಮಾರುತ್ತದೆ. ಪರರ ಬಟ್ಟೆ ತೊಡುವುದು ಅಪಶಕುನ, ಅದು ಸತ್ತವರದಿರಬಹುದು ಎಂಬ ಅಂಜಿಕೆ ನಮ್ಮಲ್ಲಿರುವಂತೆಯೇ ಅಲ್ಲಿಯೂ ಬಲವಾಗಿತ್ತು. ಒಂದು ಪೀಳಿಗೆಯೊಳಗೆ ಅದು ಸಡಿಲವಾದದ್ದು ಸಣ್ಣ ಸಂಗತಿಯಲ್ಲ. ಆದರೆ ಬಾಡಿಗೆ ಉಡುಪಿನ ಪ್ರಯೋಗ ಬಾಳಲಿಲ್ಲ. ತಿಂಗಳಿಗೆ 499 ಯುವಾನಿಗೆ ಉಡುಪು ಬದಲಾಯಿಸಿಕೊಡುತ್ತಿದ್ದ ವೈಕ್ಲಾಸೆಟ್ ಕಂಪನಿ, ದೊಡ್ಡ ಹೂಡಿಕೆದಾರರಿದ್ದರೂ, 2021ರ ಆಗಸ್ಟ್‌ನಲ್ಲಿ ಬಾಗಿಲು ಮುಚ್ಚಿತು. ಹೊಸದನ್ನೇ ಅದಕ್ಕಿಂತ ಅಗ್ಗವಾಗಿ ಕೊಳ್ಳಬಹುದಾದ ದೇಶದಲ್ಲಿ ಬಾಡಿಗೆಗೆ ಯಾರು ಬರುತ್ತಾರೆ?

ಮಲೆನಾಡಿನವಳು

ಮೇಷ್ಟ್ರ ಪಾರ್ಸೆಲ್ ಲೆಕ್ಕಕ್ಕೆ ನನ್ನ ತಕರಾರಿಲ್ಲ. ಆದರೆ ಈ ಚರ್ಚೆ ಸಾಗುತ್ತಿರುವ ಧಾಟಿಯಲ್ಲಿ, ಚೀನಾದ ಯುವಜನರಿಗೆ ಪರಿಸರದ ಬಗ್ಗೆ ಕಾಳಜಿಯೇ ಇಲ್ಲ, ಜೇಬು ಮಾತ್ರ ಅವರನ್ನು ನಡೆಸುತ್ತದೆ ಎಂಬ ಅಭಿಪ್ರಾಯ ಬರುತ್ತಿದೆ. ಅದು ಅನ್ಯಾಯ.

ಶಾಂಘೈ ನಗರದಲ್ಲಿ 2019ರ ಜುಲೈ 1ರಿಂದ ಕಸವನ್ನು ನಾಲ್ಕು ಬಗೆಯಾಗಿ ಬೇರ್ಪಡಿಸುವುದು ಕಡ್ಡಾಯವಾಯಿತು. ತಪ್ಪಿದ ವ್ಯಕ್ತಿಗೆ 200 ಯುವಾನಿನವರೆಗೂ ದಂಡ. ಕಸದ ತೊಟ್ಟಿಯ ಬಳಿ ನಿಂತ ಹಿರಿಯ ಸ್ವಯಂಸೇವಕಿಯರ ವಿಚಾರಣೆಗೆ ಸಿಕ್ಕ ಯುವಕರು ಅದನ್ನು ಹಾಸ್ಯ ಮಾಡಿಕೊಂಡೇ ಕಲಿತರು: ಹಂದಿ ತಿನ್ನುವುದು ಹಸಿ ಕಸ, ಹಂದಿಯೂ ತಿನ್ನದ್ದು ಒಣ ಕಸ, ತಿಂದರೆ ಹಂದಿ ಸಾಯುವುದು ಅಪಾಯಕಾರಿ ಕಸ, ಮಾರಿ ಹಂದಿಯನ್ನು ಕೊಳ್ಳಬಹುದಾದದ್ದು ಮರುಬಳಕೆಯ ಕಸ. ಬೆಂಗಳೂರಿನ ಯಾವ ಸುತ್ತೋಲೆಯೂ ಹಸಿ, ಒಣ ಕಸದ ವ್ಯತ್ಯಾಸವನ್ನು ಇಷ್ಟು ಚೊಕ್ಕವಾಗಿ ಹೇಳಿದ್ದನ್ನು ನಾನು ಕಂಡಿಲ್ಲ. 2020ರ ಕೊನೆಯ ಹೊತ್ತಿಗೆ ಹೋಟೆಲುಗಳಲ್ಲಿ ಕೊಳೆಯದ ಪ್ಲಾಸ್ಟಿಕ್ ಸ್ಟ್ರಾಗಳನ್ನು ನಿಷೇಧಿಸಿದಾಗ, ಹಾಲುಚಹಾದಲ್ಲಿ ಮೆತ್ತಗಾಗುವ ಕಾಗದದ ಸ್ಟ್ರಾವನ್ನು ಬೈಯುತ್ತಲೇ ಅವರು ಬಳಸಿದರು.

ಹಣ ಪಾವತಿಯ ಅಲಿಪೇ ಆ್ಯಪ್‌ನೊಳಗಿನ ಆ್ಯಂಟ್ ಫಾರೆಸ್ಟ್ ಆಟವನ್ನೂ ಇಲ್ಲಿ ನೆನೆಯಬೇಕು. 2016ರಲ್ಲಿ ಆರಂಭವಾದ ಅದರಲ್ಲಿ ನಡೆದದ್ದಕ್ಕೆ, ಬಸ್ಸಿನಲ್ಲಿ ಹೋದದ್ದಕ್ಕೆ, ಬಿಲ್ಲನ್ನು ಆನ್‌ಲೈನಿನಲ್ಲಿ ಕಟ್ಟಿದ್ದಕ್ಕೆ ಗ್ರಾಂ ಲೆಕ್ಕದಲ್ಲಿ ಹಸಿರು ಶಕ್ತಿ ಎಂಬ ಅಂಕ ಜಮೆಯಾಗುತ್ತದೆ, 17.9 ಕಿಲೋ ಸೇರಿದರೆ ಒಳ ಮಂಗೋಲಿಯ ಅಥವಾ ಗನ್ಸುವಿನ ಮರುಭೂಮಿಯ ಅಂಚಿನಲ್ಲಿ ನಿಜವಾದ ಸಕ್ಸಾಲ್ ಗಿಡವೊಂದನ್ನು ನೆಡಲಾಗುತ್ತದೆ. ಬೆಳಗಿನ ಜಾವ ಎದ್ದು ಸ್ನೇಹಿತರ ಖಾತೆಯಿಂದ ಶಕ್ತಿಯನ್ನು ಕದಿಯುವುದು ಆಗ ಎಲ್ಲರ ಅಭ್ಯಾಸವಾಗಿತ್ತು. 2019ರಲ್ಲಿ ಅದಕ್ಕೆ ವಿಶ್ವಸಂಸ್ಥೆಯ ಪರಿಸರ ಪ್ರಶಸ್ತಿಯೂ ಬಂತು. ಅದೇ ಆ್ಯಪ್ ಸಾಲ ಕೊಟ್ಟು ಕೊಳ್ಳುವಂತೆ ಮಾಡುತ್ತದೆ ಎಂದು ಮೇಷ್ಟ್ರು ಹೇಳುತ್ತಾರೆಂದು ಗೊತ್ತು. ಆ ಟೀಕೆಯನ್ನು ಒಪ್ಪುತ್ತೇನೆ. ಆದರೆ ಅದು ಕಂಪನಿಯ ಮೇಲಿನ ಟೀಕೆಯೇ ಹೊರತು ಗಿಡಕ್ಕಾಗಿ ನಡೆದ ಹುಡುಗಿಯ ಮೇಲಿನದಲ್ಲ.

ಇವೆಲ್ಲಕ್ಕಿಂತ ದೊಡ್ಡ ಸಾಕ್ಷಿ 2025ರ ಸೆಪ್ಟೆಂಬರ್ 19ರದು. ಆರ್ಕ್‌ಟೆರಿಕ್ಸ್ ಎಂಬ ಕೆನಡಾ ಮೂಲದ ಪರ್ವತಾರೋಹಣ ಉಡುಪಿನ ಕಂಪನಿ, 2008ರ ಒಲಿಂಪಿಕ್ಸಿನ ಸುಡುಮದ್ದಿನ ಕಲಾವಿದ ಸಾಯ್ ಗುವೊಚಿಯಾಂಗ್ ಅವರಿಂದ ಟಿಬೆಟಿನ ಶಿಗಾತ್ಸೆಯ ಪರ್ವತ ಸಾಲಿನ ಮೇಲೆ ಡ್ರ್ಯಾಗನ್ ಆಕಾರದಲ್ಲಿ ಪಟಾಕಿ ಸಿಡಿಸಿತು. ಈ ಬ್ರ್ಯಾಂಡಿನ ಮಾತೃಸಂಸ್ಥೆಯನ್ನು 2019ರಲ್ಲಿ ಚೀನಾದ ಕ್ರೀಡಾ ಉಡುಪಿನ ಕಂಪನಿ ಆಂಟಾ ನೇತೃತ್ವದ ಹೂಡಿಕೆದಾರರು ಕೊಂಡಿದ್ದರು. ಸಾವಿರಾರು ಯುವಾನ್ ಬೆಲೆಯ ಅದರ ಜಾಕೆಟ್ ನಗರಗಳ ಯುವ ನೌಕರರ ಹೆಗ್ಗಳಿಕೆಯ ಉಡುಪಾಗಿತ್ತು. ಬಳಸಿದ ವಸ್ತುಗಳು ಮಣ್ಣಿನಲ್ಲಿ ಕರಗುವಂಥವೆಂಬ ಸಮರ್ಥನೆ ಯಾರಿಗೂ ಒಪ್ಪಿಗೆಯಾಗಲಿಲ್ಲ. ಎತ್ತರದ ಹುಲ್ಲುಗಾವಲಿನ ಮಣ್ಣು ಒಮ್ಮೆ ಕೆಟ್ಟರೆ ಸರಿಹೋಗಲು ಎಷ್ಟು ಕಾಲ ಬೇಕು, ಅಲ್ಲಿನ ಪ್ರಾಣಿಗಳ ಗತಿಯೇನು ಎಂಬ ಪ್ರಶ್ನೆಗಳು ಗಂಟೆಗಳೊಳಗೆ ವೇಯ್‌ಬೋ ಜಾಲತಾಣವನ್ನು ತುಂಬಿದವು. ಕಂಪನಿಯ ಚೀನೀ ಭಾಷೆಯ ಕ್ಷಮಾಪಣೆಗೂ ಹೊರದೇಶದ ಕ್ಷಮಾಪಣೆಗೂ ವ್ಯತ್ಯಾಸವಿರುವುದನ್ನೂ ಅವರೇ ಎತ್ತಿ ತೋರಿಸಿದರು. ಸ್ಥಳೀಯ ಸರ್ಕಾರ ತನಿಖೆಗೆ ಇಳಿಯಲೇಬೇಕಾಯಿತು. ಅಗ್ಗದ ಮಾತೇ ಇಲ್ಲದ ಕಡೆ, ತಾವು ಆಸೆಪಟ್ಟ ಬ್ರ್ಯಾಂಡಿನ ಮೇಲೆಯೇ ತಿರುಗಿಬಿದ್ದ ಇವರನ್ನು ಜೇಬಿನ ಲೆಕ್ಕದಿಂದ ವಿವರಿಸುವುದು ಹೇಗೆ?

ಕೆಂಗೇರಿ ಓದುಗ

ಮಲೆನಾಡಿನವರ ಮಾತಿನಿಂದ ನನ್ನ ಪ್ರಶ್ನೆ ಸ್ವಲ್ಪ ಬೇರೆಯಾಗಿದೆ. ಕಾಳಜಿ ಇದೆಯೇ ಇಲ್ಲವೇ ಎಂಬುದಕ್ಕಿಂತ, ಆ ಕಾಳಜಿಗೆ ಕೊಳ್ಳುವ ಕ್ಷಣದಲ್ಲಿ ಎಷ್ಟು ಬಲವಿದೆ ಎಂದು ಕೇಳಬೇಕಾಗಿದೆ.

ಏಕೆಂದರೆ ಎಲ್ಲದರಲ್ಲೂ ಹಿಡಿತ ಮಾಡುವ ಇದೇ ಯುವಜನರು ಮನಸ್ಸಿಗೆ ಹಿತವಾಗುವುದಕ್ಕೆ ಕೈಬಿಚ್ಚಿ ಸುರಿಯುತ್ತಾರೆ. ಪಾಪ್ ಮಾರ್ಟ್ ಕಂಪನಿಯನ್ನೇ ನೋಡಿ. 2010ರಲ್ಲಿ ಬೀಜಿಂಗಿನಲ್ಲಿ ಹುಟ್ಟಿ, ಯಾವ ಬೊಂಬೆಯಿದೆಯೆಂದು ತಿಳಿಯದಂತೆ ಮುಚ್ಚಿದ ಡಬ್ಬಿಗಳನ್ನು ಮಾರಿಯೇ 2020ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ಷೇರುಪೇಟೆಗೆ ಏರಿತು. ಲಬುಬು ಬೊಂಬೆಯ ಭರಾಟೆಯಲ್ಲಿ 2024ರ ಆದಾಯ 1,300 ಕೋಟಿ ಯುವಾನ್ ದಾಟಿತು. 2022ರ ಜನವರಿಯಲ್ಲಿ ಅದು ಕೆಎಫ್‌ಸಿಯೊಡನೆ ಸೇರಿ ಊಟದೊಂದಿಗೆ ಬೊಂಬೆ ಕೊಟ್ಟಾಗ, ಇಡೀ ಸರಣಿಗಾಗಿ ಒಬ್ಬ ಗ್ರಾಹಕ 10,494 ಯುವಾನ್ ತೆತ್ತು 106 ಊಟಗಳನ್ನು ಕೊಂಡದ್ದನ್ನು ಚೀನಾದ ಗ್ರಾಹಕರ ಸಂಘವೇ ಬಹಿರಂಗವಾಗಿ ಖಂಡಿಸಿತು. ಬೊಂಬೆಗಾಗಿ ಊಟ ಕೊಂಡು ಎಸೆದವರೂ, ತಮ್ಮ ಪರವಾಗಿ ತಿನ್ನಲು ಬೇರೆಯವರನ್ನು ಗೊತ್ತುಮಾಡಿದವರೂ ಇದ್ದರು. ಆಹಾರ ಪೋಲಾಗುವುದನ್ನು ತಡೆಯುವ ಕಾನೂನು ಬಂದು ಆಗ ಒಂದು ವರ್ಷವೂ ತುಂಬಿರಲಿಲ್ಲ.

ಕೊಳ್ಳದಿರುವ ಗುಂಪಿನಲ್ಲಿರುವವನೂ 106 ಊಟ ಕೊಂಡವನೂ ಒಬ್ಬನೇ ಇರಲಾರನೆಂದು ಹೇಳುವ ಧೈರ್ಯ ನನಗಿಲ್ಲ. ಮನೆ ಕೊಳ್ಳಲಾಗದು, ಮದುವೆ ಮುಂದೆ ಹೋಗಿದೆ. ಉಳಿದದ್ದು ಅರವತ್ತು, ಎಪ್ಪತ್ತು ಯುವಾನಿನ ಒಂದು ಡಬ್ಬಿಯ ಸಂತೋಷ. ಅದನ್ನು ಬೈಯಲೂ ಮನಸ್ಸಾಗುವುದಿಲ್ಲ.

ಗುವಾಂಗ್‌ಝೌ ವಾಸಿಯವರಿಗೆ ಒಂದು ಕೋರಿಕೆ: ಹೊಲಿಯುವುದನ್ನು ಹೇಳಿದಿರಿ. ತೊಟ್ಟು ಬಿಟ್ಟ ಬಟ್ಟೆಗಳು ಕೊನೆಗೆ ಎಲ್ಲಿ ಹೋಗುತ್ತವೆ?

ಗುವಾಂಗ್‌ಝೌ ವಾಸಿ

ಚೀನಾದಲ್ಲಿ ವರ್ಷಕ್ಕೆ ಸುಮಾರು 2.6 ಕೋಟಿ ಟನ್ ಬಟ್ಟೆ ಬಿಸಾಡಲ್ಪಡುತ್ತದೆ ಎಂಬ ಅಂದಾಜನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಬಹುಪಾಲು ನೆಲಭರ್ತಿಗೋ ದಹನ ಘಟಕಕ್ಕೋ ಹೋಗುತ್ತದೆ. ವಸತಿ ಸಮುಚ್ಚಯಗಳ ಬಾಗಿಲಲ್ಲಿ ಹಳೆಬಟ್ಟೆಯ ಪೆಟ್ಟಿಗೆಗಳಿವೆ. ಫೈಮಾಯಿ, ಬೈಜಿಂಗ್‌ಯು ಮುಂತಾದ ಆ್ಯಪ್‌ಗಳಲ್ಲಿ ಹೇಳಿದರೆ ಮನೆಗೇ ಬಂದು ತೂಗಿ ಒಯ್ಯುತ್ತಾರೆ. ಹಾಗೆ ಒಯ್ದದ್ದು ಗುಡ್ಡಗಾಡಿನ ಬಡ ಮಕ್ಕಳಿಗೆ ತಲುಪುತ್ತದೆ ಎಂದು ಕೊಡುವವರಲ್ಲಿ ಬಹಳ ಮಂದಿ ನಂಬಿರುತ್ತಾರೆ. ವಾಸ್ತವದಲ್ಲಿ ಚೆನ್ನಾಗಿರುವ ಬೇಸಿಗೆ ಉಡುಪುಗಳನ್ನು ಆರಿಸಿ ಆಫ್ರಿಕಾ ಮತ್ತು ಆಗ್ನೇಯ ಏಷ್ಯಾಕ್ಕೆ ರಫ್ತು ಮಾಡುವುದೇ ಈ ವ್ಯಾಪಾರದ ಆದಾಯ. ಕೀನ್ಯಾದಂಥ ದೇಶಗಳ ಹಳೆಬಟ್ಟೆ ಮಾರುಕಟ್ಟೆಗಳಲ್ಲಿ ಚೀನಾದ ಮೂಟೆಗಳು ಈಗ ಮುಂಚೂಣಿಯಲ್ಲಿವೆ. ವಿದೇಶದ ಹಳೆಬಟ್ಟೆ ಮಾತ್ರ ಚೀನಾದೊಳಗೆ ಬರುವಂತಿಲ್ಲ, ಅದರ ಆಮದು ನಿಷಿದ್ಧ.

ರಫ್ತಿಗೆ ಬಾರದ ಹತ್ತಿ ಬಟ್ಟೆಯ ಒಂದು ಪಾಲು ಝೆಜಿಯಾಂಗಿನ ವೆನ್‌ಝೌ ಬಳಿಯ ಸಾಂಗ್‌ನಾನ್‌ಗೆ ಹೋಗುತ್ತದೆ. ಅಲ್ಲಿ ಚಿಂದಿಯನ್ನೂ ಕತ್ತರಿಸಿ ಉಳಿದ ತುಂಡುಗಳನ್ನೂ ಬಣ್ಣದ ಪ್ರಕಾರ ಬೇರ್ಪಡಿಸಿ, ಹರಿದು, ಮತ್ತೆ ನೂಲು ತೆಗೆಯುತ್ತಾರೆ. ಬಣ್ಣವಾರು ಬೇರ್ಪಡಿಸುವುದರಿಂದ ಹೊಸದಾಗಿ ಬಣ್ಣ ಹಾಕುವ ಅಗತ್ಯ ಬಹಳ ಮಟ್ಟಿಗೆ ತಪ್ಪುತ್ತದೆ. ಆದರೆ ನಾರು ಗಿಡ್ಡವಾಗಿರುವುದರಿಂದ ಆ ನೂಲು ಕೈಗವಸು, ಕಾಲುಚೀಲ, ಒರಸುವ ಬಟ್ಟೆಗಳಿಗೆ ಹೆಚ್ಚು ಒಗ್ಗುತ್ತದೆ. 2022ರ ಏಪ್ರಿಲ್‌ನಲ್ಲಿ ಸರ್ಕಾರವು 2025ರ ಹೊತ್ತಿಗೆ ತ್ಯಾಜ್ಯ ಬಟ್ಟೆಯ ಶೇ 25ರಷ್ಟನ್ನು ಮರುಬಳಸಿ 20 ಲಕ್ಷ ಟನ್ ಮರುನಾರು ತೆಗೆಯುವ ಗುರಿ ಹಾಕಿತು. ಕಾರ್ಖಾನೆಯ ತುಂಡು ಬಟ್ಟೆಯಿಂದ ಗುರಿಯ ಕಡೆಗೆ ಸಾಗುವುದು ಸುಲಭ. ಮನೆಯ ಹಳೆಬಟ್ಟೆಯಿಂದ ಕಷ್ಟ. ಪಾಲಿಯೆಸ್ಟರ್, ಹತ್ತಿ, ಹಿಗ್ಗುವ ನಾರಾದ ಸ್ಪ್ಯಾಂಡೆಕ್ಸ್ ಎಲ್ಲ ಒಂದೇ ಅಂಗಿಯಲ್ಲಿ ಬೆರೆತಿರುತ್ತವೆ, ಅವನ್ನು ಬೇರ್ಪಡಿಸುವ ಖರ್ಚಿಗಿಂತ ಹೊಸ ಪಾಲಿಯೆಸ್ಟರ್ ಅಗ್ಗ. ಜಗತ್ತಿನ ಪಾಲಿಯೆಸ್ಟರ್ ನಾರಿನ ಬಹುಪಾಲು ತಯಾರಾಗುವ ದೇಶವೇ ಇದಾಗಿರುವಾಗ ಆ ಬೆಲೆಯೊಂದಿಗೆ ಯಾವ ಮರುನೂಲೂ ಸೆಣಸಲಾರದು.

ರೇಷ್ಮೆಗೂಡು

ಹಾಗಾದರೆ ಹಳೇಪೇಟೆಯವರು ಹೇಳಿದ ಆ ಡ್ರ್ಯಾಗನ್ ವರ್ಷದ ಲಂಗಗಳು ಸಾಂಗ್‌ನಾನಿನ ಯಂತ್ರಕ್ಕೆ ಹೋಗುವಂತೆಯೇ ಇಲ್ಲವಲ್ಲ?

ಗುವಾಂಗ್‌ಝೌ ವಾಸಿ

ಹತ್ತಿಯ ನೂಲಿಗೆ ಹೋಗುವುದಿಲ್ಲ. ಪಾಲಿಯೆಸ್ಟರ್ ಜಕಾರ್ಡಿನಲ್ಲಿ ಚಿನ್ನದ ಬಣ್ಣದ ಎಳೆ ಬೇರೆ ನೇಯ್ದಿರುತ್ತದೆ, ಸೊಂಟಪಟ್ಟಿಯ ಬಟ್ಟೆ ಇನ್ನೊಂದು ಬಗೆಯದು. ಆಫ್ರಿಕಾದ ಖರೀದಿದಾರರಿಗೂ ಅದು ಬೇಡ, ಏಕೆಂದರೆ ದಿನನಿತ್ಯದ ಉಡುಪಾಗಿ ನಡೆಯುವುದಿಲ್ಲ. ಸದ್ಯಕ್ಕೆ ನನ್ನ ಕಚೇರಿಯ ಹುಡುಗಿಯರು ಅವನ್ನು ಶಿಯಾನ್‌ಯುವಿನಲ್ಲಿ ಮಾರಾಟಕ್ಕೆ ಇಡುತ್ತಾರೆ. ಹಬ್ಬದ ಮುಂಚೆ ಇಟ್ಟವರಿಗೆ ಅರ್ಧ ಬೆಲೆ ಬರುತ್ತದೆ. ಹಬ್ಬ ಕಳೆದ ಮೇಲೆ ಇಟ್ಟವರು ಸಾಗಣೆ ವೆಚ್ಚ ಕೊಟ್ಟರೆ ಸಾಕು ಎಂದು ಬರೆಯುತ್ತಾರೆ. ಹೋಗದೆ ಉಳಿದದ್ದನ್ನು ನಮ್ಮ ಸಮುಚ್ಚಯದ ಪೆಟ್ಟಿಗೆಗೆ ಹಾಕಿದರೆ, ಆರಿಸುವವರು ಅದನ್ನು ಕಾರಿನ ಒಳಪದರಕ್ಕೂ ಹಸಿರುಮನೆಯ ಹೊದಿಕೆಗೂ ಬೇಕಾಗುವ ಚಿಂದಿಯ ರಾಶಿಗೆ ಎಸೆಯುತ್ತಾರೆ, ಇಲ್ಲವೇ ಕಸದಿಂದ ವಿದ್ಯುತ್ ತೆಗೆಯುವ ಘಟಕಕ್ಕೆ ಕಳುಹಿಸುತ್ತಾರೆ.

ಅರ್ಥಶಾಸ್ತ್ರದ ಮೇಷ್ಟ್ರು

ಕೆಂಗೇರಿಯವರ ಮೊದಲ ಪ್ರಶ್ನೆಗೆ, ಅಂದರೆ ಹಣ ಬಂದ ದಿನ ಏನಾಗುತ್ತದೆ ಎಂಬುದಕ್ಕೆ, ನನ್ನ ಊಹೆಯನ್ನು ಬರೆದಿಡುತ್ತೇನೆ. ತಪ್ಪಾದರೆ ಮುಂದೆ ಯಾರಾದರೂ ಎತ್ತಿ ತೋರಿಸಬಹುದು. ಸೇನಾ ಕೋಟು ಉಳಿಯುವುದಿಲ್ಲ. ಶಿಯಾನ್‌ಯು ಉಳಿಯುತ್ತದೆ, ಏಕೆಂದರೆ ಹಳೆಯದನ್ನು ಮಾರಿದ ಹಣ ಹೊಸದನ್ನು ಕೊಳ್ಳಲು ಅನುಕೂಲ ಎಂಬುದನ್ನು ಈ ಪೀಳಿಗೆ ಕಂಡುಕೊಂಡಿದೆ. ಮಲೆನಾಡಿನವರು ಹೇಳಿದ ಪರ್ವತದ ಮೇಲಿನ ಕೋಪ ಬಟ್ಟೆಯ ಬೆಲೆಚೀಟಿಯವರೆಗೆ ಇಳಿದು ಬರಬೇಕಾದರೆ ಕೊಳೆಯದ ಸ್ಟ್ರಾಗಳಿಗೆ ಹಾಕಿದಂಥ ನಿಯಮವೊಂದು ಪಾಲಿಯೆಸ್ಟರಿಗೂ ಬೇಕಾಗುತ್ತದೆ. ಸಾವೊ ಕೌಂಟಿಯಂಥ ಜಿಲ್ಲೆಗಳ ಹೊಟ್ಟೆಪಾಡು ಅದರ ಮೇಲೆ ನಿಂತಿರುವಾಗ ಬೀಜಿಂಗ್ ಆ ನಿಯಮವನ್ನು ಸದ್ಯಕ್ಕೆ ತರುತ್ತದೆಂದು ನನಗೆ ಅನಿಸುವುದಿಲ್ಲ.